ಅದನ್ನು ಯಾರು ಓದುತ್ತಾರೆ?

ಕೆ.ಆರ್.ಪೇಟೆಯಲ್ಲಿ ಸಂಬಂಧಿಕರ ಮನೆಯ ನಿಕಾಹ್. ಊಟಕ್ಕೆ ಪಕ್ಕದಲ್ಲಿ ಕುಳಿತ ಖಾಲಾ ಕೇಳಿದರು: “ಮೈಸೂರಿನಲ್ಲಿ ಏನೋ ಕೆಲಸವಂತೆ, ಏನಮ್ಮಾ ಅದು?”

ಟೆಕ್ನಿಕಲ್ ರೈಟರ್ ಎಂದೆ. “ಅಂದರೆ ಟೈಪಿಸ್ಟಾ?” ಎಂದರು. ಅಲ್ಲ ಖಾಲಾ, ಬೋರ್‌ವೆಲ್ ಮೋಟಾರಿಗೆ ಸ್ಟಾರ್ಟರ್ ಕೊಂಡರೆ ಪೆಟ್ಟಿಗೆಯೊಳಗೆ ಒಂದು ಪುಸ್ತಕ ಇರುತ್ತದಲ್ಲ, ಅದನ್ನು ಬರೆಯುವವಳು ನಾನು ಎಂದು ಬಿಡಿಸಿ ಹೇಳಿದೆ. “ಅಯ್ಯೋ, ಅದನ್ನು ಯಾರು ಓದುತ್ತಾರೆ!” ಎಂದುಬಿಟ್ಟರು. ಸುತ್ತ ಕುಳಿತವರೆಲ್ಲ ನಕ್ಕರು. ನಾನೂ ನಕ್ಕೆ. ಆಫೀಸಿನಲ್ಲೂ ಇದೇ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ.

ನನ್ನ ಮನೆ ಶ್ರೀರಂಗಪಟ್ಟಣದಲ್ಲಿ. ದಿನವೂ ಮೈಸೂರಿಗೆ ಹೋಗಿ ಬರುತ್ತೇನೆ. ಬರೆಯುವುದು ನನ್ನ ಕೆಲಸದ ಕಾಲು ಭಾಗ ಮಾತ್ರ. ಉಳಿದದ್ದೆಲ್ಲ ಇಂಜಿನಿಯರುಗಳ ಹಿಂದೆ ಅಲೆಯುವುದು. ಈ ಸ್ವಿಚ್ ಯಾಕಿದೆ ಎಂದು ಕೇಳಿದರೆ “ಡ್ರಾಯಿಂಗ್ ನೋಡಿ ಮೇಡಂ” ಎನ್ನುತ್ತಾರೆ. ಡ್ರಾಯಿಂಗ್ ನೋಡಿದರೆ ಅದು ಹಳೆಯದು. ಪುಸ್ತಕ ಅಚ್ಚಿಗೆ ಹೋಗುವ ದಿನ ಸಂಜೆ ಐದಕ್ಕೆ ಯಾರೋ ಬಂದು, ಆ ಹಸಿರು ದೀಪವನ್ನು ಕೆಂಪು ಮಾಡಿದ್ದೇವೆ ಎನ್ನುತ್ತಾರೆ. ಈಗಂತೂ, ಇದನ್ನೆಲ್ಲ ಎಐ ಬರೆದುಕೊಡುತ್ತದಲ್ಲ ಎನ್ನುವವರೂ ಇದ್ದಾರೆ. ಬರೆದುಕೊಡುತ್ತದೆ, ನಿಜ. ಆದರೆ ದೀಪದ ಬಣ್ಣ ಬದಲಾಗಿದೆ ಎಂದು ಅದಕ್ಕೂ ಯಾರಾದರೂ ಹೇಳಬೇಕಲ್ಲ!

ಕನ್ನಡ ಭಾಗದ ಕಥೆ ಬೇರೆ. ಅದನ್ನು ಅನುವಾದದ ಏಜೆನ್ಸಿಗೆ ಕೊಡುತ್ತಾರೆ. ಒಮ್ಮೆ ಬಂದ ಪ್ರತಿಯಲ್ಲಿ “ಜೀವಂತ ತಂತಿಯನ್ನು ಮುಟ್ಟಬೇಡಿ” ಎಂದಿತ್ತು. ಫೇಸ್ ಎಂಬುದು “ಹಂತ”ವಾಗಿತ್ತು, ನ್ಯೂಟ್ರಲ್ “ತಟಸ್ಥ”ವಾಗಿತ್ತು. ಅದನ್ನು ಹಿಡಿದುಕೊಂಡು ಪಾಂಡವಪುರದ ಒಂದು ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದೆ. ಸುತ್ತಲೂ ನಾಲೆಯ ನೀರು, ಕಬ್ಬಿನ ಗದ್ದೆ. ಆದರೂ ಸುಟ್ಟ ಮೋಟಾರುಗಳು ಬಾಗಿಲವರೆಗೆ ಬಿದ್ದಿದ್ದವು. ಮೆಕ್ಯಾನಿಕ್ ಓದಿ, “ಇದು ಯಾವ ಊರಿನ ಕನ್ನಡ ಮೇಡಂ? ಫೇಸ್ ಅನ್ನಿ, ಅರ್ಥ್ ಅನ್ನಿ, ಕರೆಂಟ್ ಇರೋ ವೈರ್ ಅನ್ನಿ” ಎಂದರು. ಅಂದಿನಿಂದ ಕನ್ನಡ ಪುಟಗಳನ್ನು ನಾನೇ ತಿದ್ದುತ್ತೇನೆ. ಅದಕ್ಕೆ ಬೇರೆ ಸಂಬಳವೇನಿಲ್ಲ.

ಸಂಜೆ ಮಸ್ಜಿದೆ ಆಲಾದ ಮಿನಾರುಗಳನ್ನು ನೋಡುತ್ತಾ ಮನೆಗೆ ನಡೆಯುವಾಗ ಝೈನುಲ್ ಆಬಿದೀನ್ ಶುಸ್ತರಿ ನೆನಪಾಗುತ್ತಾರೆ. ಟಿಪ್ಪು ಸುಲ್ತಾನರ ಆಳ್ವಿಕೆಯಲ್ಲಿ (1782–1799) ಅವರ ಆಣತಿಯಂತೆ ಸೈನ್ಯಕ್ಕಾಗಿ ‘ಫತ್‌ಹುಲ್ ಮುಜಾಹಿದೀನ್’ ಎಂಬ ಕೈಪಿಡಿಯನ್ನು ಫಾರ್ಸಿಯಲ್ಲಿ ಬರೆದವರು ಅವರು. ಕವಾಯತು, ಶಿಸ್ತು, ರಾಕೆಟ್ ಹಾರಿಸುವವರ ದಳ ಎಲ್ಲವೂ ಅದರಲ್ಲಿವೆ. ನಮ್ಮ ಊರಿಗೆ ಈ ಕಸುಬು ಹೊಸದಲ್ಲ ಎಂದುಕೊಳ್ಳುತ್ತೇನೆ. ಕಬ್ಬಿಣದ ಕೊಳವೆಗೆ ಮದ್ದು ತುಂಬುವವರ ಹಿಂದೆ ಅವರೂ ನನ್ನ ಹಾಗೆ ಅಲೆದರೋ ಏನೋ! ತಪ್ಪು ಬರೆದರೆ ಏನಾಗುತ್ತದೆ ಎಂಬ ಚಿಂತೆಯಂತೂ ಅವರಿಗೆ ಇದ್ದಿರಲೇಬೇಕು.

ಆ ಚಿಂತೆ ನನಗೆ ಬಂದದ್ದು ತಡವಾಗಿ.

ನಮ್ಮ ಮಾಮೂ ನಾಗಮಂಗಲದ ಕಡೆ ಬೇಸಾಯ ಮಾಡುತ್ತಾರೆ. ಅದು ಮಳೆಯನ್ನೇ ನಂಬಿದ ಸೀಮೆ. ರಾಗಿ, ತೆಂಗು, ಮಿಕ್ಕಿದ್ದಕ್ಕೆ ಬೋರ್‌ವೆಲ್. ನಾನು ಕೆಲಸ ಮಾಡುವ ಕಂಪೆನಿಯ ಆಟೋ ಸ್ಟಾರ್ಟರನ್ನೇ ಅವರು ಕೊಂಡಿದ್ದರು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ದಿನವಿಡೀ ಇರುವುದಿಲ್ಲ. ಪಾಳಿಯ ಮೇಲೆ ಕೊಡುತ್ತಾರೆ, ಎಷ್ಟೋ ಸಲ ನಡುರಾತ್ರಿ. ಹಾಗಾಗಿ ಎಲ್ಲರೂ ಆಟೋ ಹಾಕಿಟ್ಟು ಮಲಗುತ್ತಾರೆ. ಕರೆಂಟ್ ಬಂದೊಡನೆ ಮೋಟಾರ್ ತಾನೇ ಓಡುತ್ತದೆ. ಒಂದು ದಿನ ಇಶಾ ನಮಾಝ್ ಮುಗಿಸಿ ಮಾಮೂ ತೋಟಕ್ಕೆ ಹೋದರು. ಸ್ಟಾರ್ಟರಿನೊಳಗೆ ಹಲ್ಲಿ ಸೇರಿಕೊಂಡಿತ್ತು. ಹೇಗೂ ಕರೆಂಟ್ ಇಲ್ಲವಲ್ಲ ಎಂದು ಮುಚ್ಚಳ ತೆಗೆದು ಕೈಹಾಕಿದರು. ಅಷ್ಟರಲ್ಲಿ ಕರೆಂಟ್ ಬಂತು.

ಅಲ್ಲಾಹನ ಕೃಪೆ, ಅದು ಅವರನ್ನು ಹಿಂದಕ್ಕೆ ಎಸೆಯಿತು, ಜೀವ ಉಳಿಯಿತು. ಬಲಗೈಯ ಎರಡು ಬೆರಳು ಇಂದಿಗೂ ಮಡಚಲು ಬರುವುದಿಲ್ಲ.

ನೋಡಲು ಹೋದಾಗ ಗೂಡಿನಲ್ಲಿ ನನ್ನ ಪುಸ್ತಕ ಕಂಡಿತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದರು. ಎದೆ ಧಸಕ್ಕೆಂದಿತು. ಕರೆಂಟ್ ಇಲ್ಲದಿದ್ದರೂ ಮೇನ್ ಸ್ವಿಚ್ ಆಫ್ ಮಾಡದೆ ಮುಚ್ಚಳ ತೆಗೆಯಬಾರದು ಎಂಬ ಮಾತು ಇಂಗ್ಲಿಷ್ ಪುಟದಲ್ಲಿತ್ತು. ಕನ್ನಡಕ್ಕೆ ಸಿಕ್ಕಿದ್ದು ನಾಲ್ಕೇ ಪುಟ. ಗ್ಯಾರಂಟಿಯ ಷರತ್ತುಗಳು ಬರಲೇಬೇಕು, ಉಳಿದದ್ದರಲ್ಲಿ ಏನಾದರೂ ಕಡಿಮೆ ಮಾಡಿ ಎಂದಿದ್ದರು. ಕಡಿಮೆ ಮಾಡಿದವಳು ನಾನೇ. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಮೇಲಾಗಿ ಯಾರು ಓದುತ್ತಾರೆ ಎಂದುಕೊಂಡು ಆ ಸಾಲನ್ನು ತೆಗೆದಿದ್ದೆ.

“ಇದನ್ನು ಓದಿದ್ದಿರಾ ಮಾಮೂ?” ಎಂದು ಮೆಲ್ಲಗೆ ಕೇಳಿದೆ.

“ಎರಡು ಸಲ ಓದಿದೆ ಬೇಟಿ. ನೀನು ಬರೆದದ್ದಲ್ವಾ!” ಎಂದರು. ಅವರ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ, ಅಭಿಮಾನವಿತ್ತು. ಮುಮಾನಿ ಚಹಾ ತಂದಿಟ್ಟರು. ನನ್ನಿಂದ ಕುಡಿಯಲಾಗಲಿಲ್ಲ. ಕನ್ನಡ ಪುಟದಿಂದ ಒಂದು ಸಾಲು ಬಿಟ್ಟಿದ್ದೆ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಈಗ ಸೇರಿಸು” ಎಂದರು. ಅಷ್ಟೇ.

ಆಫೀಸಿನಲ್ಲಿ ಹೇಳಿದೆ. ಅಚ್ಚಾದ ಪ್ರತಿಗಳು ಮುಗಿಯಲಿ ಎಂದರು. ಜಗಳವಾಡಿದೆ, ಪತ್ರ ಬರೆದೆ. ನಾಲ್ಕು ತಿಂಗಳ ನಂತರ ಷರತ್ತುಗಳು ಬೇರೆ ಚೀಟಿಗೆ ಹೋದವು, ಕನ್ನಡಕ್ಕೆ ಎಂಟು ಪುಟ ಬಂತು. ಅಂಗಡಿಗಳಿಗೆ ಆಗಲೇ ಹೋಗಿದ್ದ ಪೆಟ್ಟಿಗೆಗಳಿಗೆಂದು ನನ್ನ ಖರ್ಚಿನಲ್ಲೇ ಚೀಟಿ ಅಚ್ಚು ಹಾಕಿಸಿದೆ: “ಕರೆಂಟ್ ಇಲ್ಲದಿದ್ದರೂ ಮೇನ್ ಆಫ್ ಮಾಡಿ. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಮುಚ್ಚಳ ತೆಗೆಯಿರಿ.”

ಮೊದಲ ಕಟ್ಟನ್ನು ಪಾಂಡವಪುರದ ಅದೇ ಮೆಕ್ಯಾನಿಕ್‌ಗೆ ಕೊಟ್ಟೆ. ಅವರು ಓದಿ ತಲೆ ಕೆರೆದುಕೊಂಡರು. “ರಾತ್ರಿ ಹೊತ್ತು ಲುಂಗಿ ಬನಿಯನ್‌ನಲ್ಲಿ ಹೋಗೋರಿಗೆ ಜೇಬೆಲ್ಲಿ ಮೇಡಂ? ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಅಂತ ಬರೀರಿ.”

ಎರಡನೆಯ ಕಟ್ಟಿನಲ್ಲಿ ಹಾಗೆಯೇ ಬರೆದೆ.