ಗ್ಯಾಸ್ ಹೋಗ್ಯಾದ ರೀ

ಕಲಬುರಗಿಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಭಾರೀ ಬೇಸಿಗೆ ಅಂತ ನಮ್ಮನ್ನು ನಾವೇ ಗೇಲಿ ಮಾಡಿಕೊಳ್ಳುತ್ತೇವೆ. ಗೇಲಿ ಬಿಟ್ಟು ನೋಡಿದರೂ ಅದರಲ್ಲಿ ನಿಜ ಇದೆ. ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತಾರೆ. ಅಂದರೆ ಇಲ್ಲಿನ ಮಧ್ಯಾಹ್ನದಲ್ಲಿ ಮನುಷ್ಯ ಕೆಲಸ ಮಾಡೋದು ಕಷ್ಟ ಅಂತ ವಿಧಾನಸೌಧವೂ ಒಪ್ಪಿದೆ. ಸರಿ, ಒಂದೂವರೆಗೆ ಕಚೇರಿ ಬಿಟ್ಟವನು ಮನೆಗೆ ಬಂದು ಎಲ್ಲಿ ಕೂರಬೇಕು? ಅದಕ್ಕೆ ಯಾವ ಆದೇಶವೂ ಇಲ್ಲ. ಅದಕ್ಕಿರುವುದು ಕೂಲರ್, ಏಸಿ, ಅವು ಕೆಟ್ಟಾಗ ಬರುವ ಮೆಕ್ಯಾನಿಕ್.

ನಮ್ಮಜ್ಜನ ಕಾಲಕ್ಕೆ ಮನೆಯೇ ಕೂಲರ್ ಆಗಿತ್ತು. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ್ ಫರಸಿ. ಬರಿಮೈಯಲ್ಲಿ ನೆಲಕ್ಕೆ ಬೆನ್ನು ಹಚ್ಚಿದರೆ ಸಾಕು, ಮಧ್ಯಾಹ್ನ ಕಳೀತಿತ್ತು. ಈಗ ಎಲ್ಲರದೂ ಆರ್‌ಸಿಸಿ. ಕಾಂಕ್ರೀಟಿನ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಕಕ್ಕುತ್ತದೆ. ಹಾಗಾಗಿ ನಮ್ಮಲ್ಲಿ ತಂಪಿನ ಯಂತ್ರ ಶೋಕಿಯಲ್ಲ. ಮನೆಯಲ್ಲಿ ವಯಸ್ಸಾದವರು, ಹಸುಗೂಸು ಇದ್ದರಂತೂ ಔಷಧಿ ಇದ್ದ ಹಾಗೆ.

ಮೊದಲು ಕೂಲರ್ ಮಾತು. ನೀರು ಆವಿಯಾಗುವಾಗ ಗಾಳಿಯ ಬಿಸಿ ಹೀರುತ್ತದೆ, ಕೂಲರಿನ ವಿದ್ಯೆ ಇಷ್ಟೇ. ನಮ್ಮ ಗಾಳಿ ಒಣಗಾಳಿ, ನೀರನ್ನು ಗಬಗಬ ಕುಡಿಯುತ್ತದೆ. 42 ಡಿಗ್ರಿಯ ಗಾಳಿ ಒದ್ದೆ ಪ್ಯಾಡ್ ದಾಟಿ ಒಳಗೆ ಬರುವಷ್ಟರಲ್ಲಿ ಹತ್ತು ಡಿಗ್ರಿಗೂ ಹೆಚ್ಚು ಇಳಿದಿರುತ್ತದೆ. ಅದೇ ಕೂಲರನ್ನು ಮಂಗಳೂರಿಗೆ ಒಯ್ದರೆ ದಂಡ; ಅಲ್ಲಿನ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ. ಇನ್ನೊಂದು, ಕೂಲರ್ ಹಚ್ಚಿ ಕಿಟಕಿ ಬಾಗಿಲು ಮುಚ್ಚಬಾರದು. ಒಳಗೆ ಬಂದ ಹಸಿ ಗಾಳಿಗೆ ಹೊರಹೋಗಲು ದಾರಿ ಬೇಕು. ಇಲ್ಲದಿದ್ದರೆ ತಾಸಿನಲ್ಲಿ ಮನೆಯೇ ಮಂಗಳೂರಾಗುತ್ತದೆ.

ಕೂಲರಿಗೆ ಇನ್ನೊಂದು ಮುಖವೂ ಇದೆ. ತಗಡಿನ ಮೈ, ಒಳಗೆ ನೀರು, ನೀರಲ್ಲಿ ಮುಳುಗಿದ ಪಂಪು. ವೈರಿನ ರಬ್ಬರ್ ಸೀಳಿದರೆ ಕರೆಂಟು ಇಡೀ ಮೈಗೆ ಬರುತ್ತದೆ. ಪ್ರತಿ ಬೇಸಿಗೆ ಪೇಪರಿನ ಮೂಲೆಯಲ್ಲಿ ಅಂಥ ಸುದ್ದಿ ಇದ್ದೇ ಇರುತ್ತದೆ, ಹೆಚ್ಚಾಗಿ ಮಕ್ಕಳು. ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗ್, ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ನೀರು ತುಂಬುವ ಮುಂಚೆ ಪ್ಲಗ್ ಕಿತ್ತೇ ತುಂಬಬೇಕು. ಹೊಸ ಪ್ಯಾಡಿಗೆ ದುಡ್ಡು ಹಾಕುವ ಮೊದಲು ಇದಕ್ಕೆ ಹಾಕಿ.

ಇನ್ನು ಏಸಿ. ಇದು ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲ, ಕಾಗದಕ್ಕಾಗಿ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹವೆಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳ ಅಚ್ಚು ತಪ್ಪುತ್ತಿತ್ತು. ಅದಕ್ಕೆ ಉಪಾಯವಾಗಿ ವಿಲ್ಲಿಸ್ ಕ್ಯಾರಿಯರ್ ಈ ಯಂತ್ರ ರೂಪಿಸಿದ. ನಾವು ‘ಒಂದೂವರೆ ಟನ್’ ಅನ್ನುತ್ತೇವಲ್ಲ, ಅದು ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುತ್ತಾ ಎಷ್ಟು ಬಿಸಿ ಹೀರುತ್ತದೋ ಅಷ್ಟು ಬಿಸಿಯನ್ನು ಹೊರಹಾಕುವ ಶಕ್ತಿ.

ಈ ಲೆಕ್ಕವೆಲ್ಲ ಯಂತ್ರ ಓಡುತ್ತಿರುವಾಗ ಚಂದ. 2022ರ ಏಪ್ರಿಲ್‌ನ ಒಂದು ಸಂಜೆ ವೋಲ್ಟೇಜ್ ಇಳಿದು ಏರಿ ಮಾಡಿದ ಮೇಲೆ ನಮ್ಮ ಏಸಿ ಬರೀ ಗಾಳಿ ಊದತೊಡಗಿತು, ತಂಪಿಲ್ಲ. ಕೋಣೆಯಲ್ಲಿ ಅಪ್ಪ ಮಲಗಿದ್ದರು. ವಯಸ್ಸು 82, ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ನಡೆದಿತ್ತು. ಅಂಥ ಗುಳಿಗೆ ತೆಗೆದುಕೊಳ್ಳುವವರಿಗೆ ಮೈಯ ನೀರು ಬೇಗ ಇಳಿಯುತ್ತದೆ. ಸರ್ವಿಸ್‌ನವರಿಗೆ ಫೋನ್ ಹಚ್ಚಿದೆ. ಆ ಕಡೆಯ ಹುಡುಗ ಮಾತು ಮುಗಿಸುವುದಕ್ಕೂ ಬಿಡಲಿಲ್ಲ. “ಗ್ಯಾಸ್ ಹೋಗ್ಯಾದ ರೀ ಸರ. ಫುಲ್ ತುಂಬಬೇಕಾಗ್ತದ. ನಾಡಿದ್ದು ಬರ್ತೀವಿ.” ಯಂತ್ರವನ್ನು ಕಣ್ಣಿಂದ ನೋಡದೆ ರೋಗ ಹೇಳಿಬಿಟ್ಟ.

ಒಂಬತ್ತರ ಹೊತ್ತಿಗೆ ಅಪ್ಪನ ಮಾತು ನಿಧಾನ ಆಯಿತು. “ಇವತ್ತು ಯಾವ ವಾರ?” ಅಂತ ಮೂರು ಸಲ ಕೇಳಿದರು. ನಮ್ಮ ಓಣಿಯ ಡಾಕ್ಟರಿಗೆ ಫೋನ್ ಮಾಡಿದೆವು. ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಿ, ಫ್ಯಾನ್ ಹಚ್ಚಿ, ಎಚ್ಚರ ಇದ್ದಾರಲ್ಲ, ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿ. ಮಾತು ಇನ್ನೂ ಅಡ್ಡಾದಿಡ್ಡಿ ಆದರೆ ತಡಮಾಡದೆ 108ಕ್ಕೆ ಹೇಳಿ ಅಂದರು. ಹೆಂಡತಿ ಬಟ್ಟೆ ಒದ್ದೆ ಮಾಡುತ್ತಾ ಕೂತಳು. ನಾನು ಮಾರ್ಕೆಟ್ ಕಡೆ ಸಣ್ಣ ಅಂಗಡಿ ಇಟ್ಟುಕೊಂಡಿರುವ ಭಾಯಿಗೆ ಫೋನ್ ಮಾಡಿದೆ. ರಂಜಾನ್ ತಿಂಗಳು. “ತರಾವೀಹ್ ಮುಗಿಸಿ ಬರ್ತೀನ್ರಿ. ಅಪ್ಪಾರಿಗಿ ಅಲ್ಲಿತನ ನೆಲದ ಮ್ಯಾಲ ಮಲಗಸ್ರಿ” ಅಂದ.

ಹತ್ತೂಕಾಲಿಗೆ ಬಂದ. ಹಗಲೆಲ್ಲ ಉಪವಾಸ ಇದ್ದು ಏಳು ಮನೆ ತಿರುಗಿದ ಮನುಷ್ಯ. ಚೀಲ ಹೆಗಲಿಗೆ ಹಾಕಿಕೊಂಡು ಸೀದಾ ಮಾಳಿಗೆ ಹತ್ತಿದ, ಮಗ ಮೊಬೈಲ್ ಬೆಳಕು ಹಿಡಿದ. ಮೇನ್ ಆಫ್ ಮಾಡಿ, ಹೊರಗಿನ ಯೂನಿಟ್ಟಿನ ಮುಚ್ಚಳ ಬಿಚ್ಚಿದ. ಡಬ್ಬಿಯಾಕಾರದ ಕೆಪಾಸಿಟರಿನ ನೆತ್ತಿ ಉಬ್ಬಿತ್ತು. “ನೋಡ್ರಿ ಸರ, ಗ್ಯಾಸ್ ಎಲ್ಲೂ ಹೋಗಿಲ್ಲ. ಕಂಪ್ರೆಸರಿಗಿ ಎಬ್ಬಸೋದೇ ಇದು. ಇದು ಸತ್ರ ಅದು ಏಳಂಗಿಲ್ಲ.” ಚೀಲದಿಂದ ಅದೇ ಅಳತೆಯದು ತೆಗೆದು ಹಾಕಿದ. ಕಂಪ್ರೆಸರ್ ಗುರ್ ಅಂದಿತು. ಕೆಪಾಸಿಟರಿಗೆ ಮುನ್ನೂರು, ಬಂದಿದ್ದಕ್ಕೆ ಮುನ್ನೂರು. ಅಪ್ಪ ಬೆಳಿಗ್ಗೆ ಆರಕ್ಕೆ ಎದ್ದು ಚಾ ಕೇಳಿದರು, ಸಕ್ಕರೆ ಕಡಿಮೆ ಆಗ್ಯಾದ ಅಂತ ಬೈದರು.

ಭಾಯಿ ಆಮೇಲೆ ಹೇಳಿಕೊಟ್ಟ ಪಾಠ ಎಲ್ಲರಿಗೂ ಬೇಕಾದದ್ದು. ಏಸಿಯ ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ತಾಮ್ರದ ಕೊಳವೆಯಲ್ಲಿ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಸೋರಿದ ಜಾಗ ತೋರಿಸದೆ ತುಂಬಿ ಹೋದರೆ ಬರುವ ವರ್ಷವೂ ತುಂಬಿಸಬೇಕು. ಕೊಳವೆಗೆ ನೈಟ್ರೋಜನ್ ಕೊಟ್ಟು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ಹೇಳುತ್ತದೆ. ಆ ಜಾಗ ಬೆಸೆದು, ಒಳಗಿನ ಹವೆಯನ್ನು ಪಂಪಿನಿಂದ ಎಳೆದು, ಆಮೇಲೆ ತೂಕ ಮಾಡಿ ಗ್ಯಾಸ್ ತುಂಬಬೇಕು. ಆರ್-22 ಇದ್ದದ್ದಕ್ಕೆ ಆರ್-22, ಆರ್-32 ಇದ್ದದ್ದಕ್ಕೆ ಆರ್-32. ತಂಪು ಕಡಿಮೆಯಾಗಲು ಗ್ಯಾಸಿಗಿಂತ ಮೊದಲು ನೋಡಬೇಕಾದವು ಬೇರೆ ಇವೆ. ಧೂಳು ಹಿಡಿದ ಫಿಲ್ಟರ್, ಹೊರಗಿನ ಯೂನಿಟ್ಟಿನ ಜಾಲರಿಗೆ ಅಂಟಿದ ಕಸ, ಕೆಪಾಸಿಟರ್, ವೋಲ್ಟೇಜ್.

ಹೊಸದು ತಗೊಳ್ಳಲಾ ಅಂತ ಕೇಳುವವರಿಗೆ ಅವನ ಉತ್ತರ ಅಂಗಡಿಯವರ ಹಾಗಿಲ್ಲ. ಇನ್ವರ್ಟರ್ ಏಸಿ ಕರೆಂಟ್ ಉಳಿಸುವುದು ನಿಜ. ಕಂಪ್ರೆಸರ್ ನಿಂತು ನಿಂತು ಓಡುವ ಬದಲು ಬೇಕಾದಷ್ಟೇ ವೇಗದಲ್ಲಿ ಓಡುತ್ತದೆ. ದಿನಕ್ಕೆ ಎಂಟು-ಹತ್ತು ತಾಸು ಹಚ್ಚುವ ಮನೆಗೆ ಲಾಭವೇ. ಆದರೆ ಅದರ ಜೀವ ಇರುವುದು ಪಿಸಿಬಿ ಬೋರ್ಡಿನಲ್ಲಿ. ಬೋರ್ಡು ಸುಟ್ಟರೆ ಮುನ್ನೂರಕ್ಕೆ ಮುಗಿಯುವುದಿಲ್ಲ. ವೋಲ್ಟೇಜ್ ಕುಣಿಯುವ ಓಣಿಯಲ್ಲಿ ಸ್ಟೆಬಿಲೈಸರ್ ಬೇಕು. “ಮೊದಲು ಮಾಳಿಗಿ ಮ್ಯಾಲ ಬಿಳಿ ಕೂಲ್ ಪೇಂಟ್ ಹೊಡಸ್ರಿ, ಪಡುವಣ ಕಿಟಕಿಗಿ ಹೊರಗಿಂದ ತಟ್ಟಿ ಕಟ್ಟಸ್ರಿ. ಆಮ್ಯಾಲ ಏಸಿ ಮಾತು” ಅಂತಾನೆ. 2020ರ ಜನವರಿಯಿಂದ ಹೊಸ ಏಸಿಗಳು 24 ಡಿಗ್ರಿಗೇ ಶುರುವಾಗಬೇಕು ಅಂತ ನಿಯಮ ಇದೆ. 18ಕ್ಕೆ ಇಳಿಸಿದರೆ ಕೋಣೆ ಬೇಗ ತಂಪಾಗುತ್ತದೆ ಅನ್ನುವುದು ಬರೀ ನಂಬಿಕೆ. ಕಂಪ್ರೆಸರಿಗೆ ಬಿಡುವು ಸಿಗುವುದಿಲ್ಲ, ಬಿಲ್ಲು ಏರುತ್ತದೆ ಅಷ್ಟೇ.

ಇಂಥವರು ಮಟಮಟ ಮಧ್ಯಾಹ್ನ ಮೂರನೇ ಅಂತಸ್ತಿನ ಗೋಡೆಗೆ ಹೊಡೆದ ಕಬ್ಬಿಣದ ಕಟ್ಟೆಯ ಮೇಲೆ ಕಾಲಿಟ್ಟು ಕೆಲಸ ಮಾಡುತ್ತಾರೆ. ಸೊಂಟಕ್ಕೆ ಹಗ್ಗ ಇರುವುದು ಅಪರೂಪ. ನಮ್ಮ ಕೋಣೆ ತಂಪು ಮಾಡಿ ಅವರು ಹೋಗುವುದು ತಗಡಿನ ಸೂರಿಗೆ. ಆದರೂ ಐವತ್ತು ರೂಪಾಯಿಗೆ ಅವರ ಜೊತೆ ಚೌಕಾಶಿ ಮಾಡುತ್ತೇವೆ. ಆಸ್ಪತ್ರೆಯ ಬಿಲ್ಲಿನ ಮುಂದೆ ಯಾರೂ ಹಾಗೆ ಬಾಯಿ ತೆರೆಯುವುದಿಲ್ಲ. ಬಿಸಿಲು ಪ್ರಾಣ ತೆಗೆಯುವ ಊರಿನಲ್ಲಿ ರಾತ್ರಿ ಹತ್ತಕ್ಕೆ ಬರುವ ಮೆಕ್ಯಾನಿಕ್ಕು ಆಂಬುಲೆನ್ಸಿನವನಿಗಿಂತ ಕಡಿಮೆಯಲ್ಲ. ಬಂದಾಗ ನೆರಳು ಕೊಡಿ, ನೀರು ಕೊಡಿ, ಕೇಳಿದ ಕೂಲಿ ಕೊಡಿ. ಹಗ್ಗ ಕಟ್ಟಿಕೊಳ್ಳದೆ ಗೋಡೆಗೆ ಇಳಿಯಲು ಬಿಡಬೇಡಿ.

ಇನ್ನೊಂದು ಮಾತು. ಶಿವರಾತ್ರಿಗೆ ಚಳಿ ಹೋದ ಮೇಲೆ, ಶರಣಬಸವೇಶ್ವರರ ತೇರು ಎಳೆಯುವುದರ ಒಳಗೆ ಅವರನ್ನು ಒಮ್ಮೆ ಕರೆಸಿ, ಎಲ್ಲಾ ನೋಡಿಸಿಬಿಡಿ. ಆಗ ಅವರ ಕೈಗೆ ಬಿಡುವಿರುತ್ತದೆ, ನಿಮ್ಮ ತಲೆಗೂ ಬಿಡುವಿರುತ್ತದೆ. ಏಪ್ರಿಲ್‌ನಲ್ಲಿ ಅವರ ಫೋನು ನಿಜವಾಗಿ ಜೀವ ಹೋಗುವಂತಿರುವ ಮನೆಗೆ ಖಾಲಿ ಇರಲಿ.