ಗಂತಿನಿಂದ ಮಂಜೊಟ್ಟಿಗೆ ಮೂರು ಸೆಕೆಂಡು

ಕಂಬಳದ ಕರೆಯ, ಅಂದರೆ ಕೋಣಗಳು ಓಡುವ ಕೆಸರುಗದ್ದೆಯ, ಬದಿಯಲ್ಲಿ ರಾತ್ರಿ ಎರಡು ಗಂಟೆಗೆ ಕ್ಯಾಮೆರಾ ಹಿಡಿದು ಕೂತರೆ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ. ಓಟ ಶುರುವಾಗುವ ಆಚೆ ತುದಿಯ ಗಂತಿನಲ್ಲಿ ಕೋಣಗಳನ್ನು ತಿರುಗಿಸಿ ನಿಲ್ಲಿಸುವವರ ಗಲಾಟೆ, ಮೈಕಿನಲ್ಲಿ ಯಜಮಾನರ ಮನೆತನದ ಹೆಸರು, ಡೋಲಿನ ಪೆಟ್ಟು. ಆಮೇಲೆ ಒಂದು ಗಳಿಗೆ ಎಲ್ಲವೂ ತಗ್ಗಿದಂತೆ ಅನ್ನಿಸಿ, ಒಮ್ಮೆಲೇ ಕೆಸರುನೀರಿಗೆ ಗೊರಸು ಬಿದ್ದ ಸದ್ದು. ಆ ಸದ್ದು ಬೆಳೆಯುತ್ತಾ ನನ್ನತ್ತ ಬರುತ್ತದೆ. ಶಟರ್ ಗುಂಡಿಯ ಮೇಲಿನ ಬೆರಳು ಅರ್ಧ ಒತ್ತಿದೆ. ಪೂರ್ತಿ ಒತ್ತಬಾರದು. ಈಗಲೇ ಅಲ್ಲ, ಈಗಲೇ ಅಲ್ಲ. ಹೀಗೆ ಬೆರಳನ್ನು ತಡೆದು ಹಿಡಿಯುವ ಎಂಟೊಂಬತ್ತು ಸೆಕೆಂಡುಗಳಿಗಾಗಿಯೇ ನಾನು ಪ್ರತಿವರ್ಷ ಮಳೆಗಾಲ ಮುಗಿದು ಗದ್ದೆ ಕೊಯ್ಲಾಗುವುದನ್ನು ಕಾಯುತ್ತೇನೆ.

ಬರ್ಸ್ಟ್ ಮೋಡ್ ಎಂದರೆ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಕ್ಯಾಮೆರಾ ಒಂದರ ಬೆನ್ನಿಗೆ ಒಂದು ಚಿತ್ರ ತೆಗೆಯುತ್ತಲೇ ಇರುವುದು. ನನ್ನದು ಒಳಗೆ ಕನ್ನಡಿ ಇರುವ ಹಳೆಯ ಡಿಎಸ್ಎಲ್ಆರ್. ಸೆಕೆಂಡಿಗೆ 10 ಚಿತ್ರ. ಅಂದರೆ ಒಂದು ಸೆಕೆಂಡಿನಲ್ಲಿ ಹತ್ತು ಸಲ ಕನ್ನಡಿ ಮೇಲೇಳಬೇಕು, ಶಟರ್ ತೆರೆದು ಮುಚ್ಚಬೇಕು, ಕನ್ನಡಿ ಮತ್ತೆ ಕೆಳಗಿಳಿಯಬೇಕು, ಆ ನಡುವೆ ಸಿಗುವ ಚೂರು ಸಮಯದಲ್ಲಿ ಫೋಕಸ್ ಓಡುವ ಕೋಣವನ್ನು ಮತ್ತೆ ಹುಡುಕಿಕೊಳ್ಳಬೇಕು. ಕೆನ್ನೆಗೆ ಒತ್ತಿಹಿಡಿದ ಕ್ಯಾಮೆರಾದೊಳಗಿನ ಆ ಟಕಟಕಟಕ ದವಡೆಯ ಎಲುಬಿಗೇ ತಾಗುತ್ತದೆ. ಸದ್ದೇ ಇಲ್ಲದ ಹೊಸ ಕ್ಯಾಮೆರಾಗಳನ್ನೂ ಹಿಡಿದು ನೋಡಿದ್ದೇನೆ. ನನಗೆ ಈ ಸದ್ದು ಬೇಕು. ಎಷ್ಟು ಖರ್ಚಾಯಿತು, ಇನ್ನೆಷ್ಟು ಉಳಿದಿದೆ ಎಂದು ಲೆಕ್ಕ ಹೇಳುವುದು ಅದೇ.

‘ಒತ್ತಿ ಹಿಡಿದರಾಯಿತು, ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ, ಅದರಲ್ಲೇನು ವಿದ್ಯೆ?’ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಲೆಕ್ಕವನ್ನೇ ಕೊಡುತ್ತೇನೆ. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು ಕೋಣಗಳ ಜೊತೆ 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಭಾಗಿಸಿ ನೋಡಿದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ನನ್ನ ಕ್ಯಾಮೆರಾ ಸೆಕೆಂಡಿಗೆ ಹತ್ತು ಚಿತ್ರ ತೆಗೆಯುತ್ತದೆಂದರೆ, ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕೋಣಗಳು ಒಂದು ಮೀಟರ್ ದಾಟಿಬಿಟ್ಟಿರುತ್ತವೆ! ಶಟರ್ ವೇಗ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಇಟ್ಟರೆ ಹತ್ತು ಚಿತ್ರಕ್ಕೆ ಸಾವಿರದಲ್ಲಿ ಹತ್ತು ಪಾಲು, ಅಂದರೆ ನೂರರಲ್ಲಿ ಒಂದು. ಉಳಿದ ತೊಂಬತ್ತೊಂಬತ್ತು ಪಾಲು ಓಟ ನನ್ನ ಕಾರ್ಡಿಗೆ ಬರುವುದೇ ಇಲ್ಲ, ಚಿತ್ರಗಳ ಸಂದಿನಲ್ಲಿ ಸೋರಿಹೋಗುತ್ತದೆ. ಒತ್ತಿ ಹಿಡಿದವನಿಗೆ ಎಲ್ಲವೂ ಸಿಗುತ್ತದೆ ಎನ್ನುವುದು ಹಾಗಾಗಿ ಸುಳ್ಳು.

ಇನ್ನೊಂದು ಮಿತಿಯಿದೆ. ತೆಗೆದ ಚಿತ್ರ ನೇರವಾಗಿ ಕಾರ್ಡಿಗೆ ಹೋಗುವುದಿಲ್ಲ. ಮೊದಲು ಕ್ಯಾಮೆರಾದೊಳಗಿನ ಬಫರ್ ಎಂಬ ತಾತ್ಕಾಲಿಕ ನೆನಪಿನಲ್ಲಿ ಕೂತು, ಅಲ್ಲಿಂದ ಸಾವಕಾಶವಾಗಿ ಕಾರ್ಡಿಗೆ ಇಳಿಯುತ್ತದೆ. ನಲ್ಲಿ ಜೋರು, ತೂಬು ಸಣ್ಣದು. ಸಂಸ್ಕರಿಸದ ರಾ ಕಡತಗಳಾದರೆ ಸುಮಾರು ಮೂವತ್ತಕ್ಕೆ ಬಫರ್ ತುಂಬುತ್ತದೆ, ಟಕಟಕಟಕ ಎನ್ನುತ್ತಿದ್ದುದು ಟಕ್... ಟಕ್ ಎಂದು ಏದುಸಿರು ಬಿಡತೊಡಗುತ್ತದೆ. ಹದಿಮೂರು ಸೆಕೆಂಡಿನ ಓಟಕ್ಕೆ ನನ್ನ ಕೈಯಲ್ಲಿರುವುದು ಮೂರೇ ಸೆಕೆಂಡು. ಗಂತಿನಲ್ಲಿ ಖರ್ಚು ಮಾಡಿದರೆ ಓಟ ಮುಗಿಯುವ ಮಂಜೊಟ್ಟಿಗಿಲ್ಲ.

ಇದನ್ನು ಕಲಿತದ್ದು ಮೊದಲ ವರ್ಷ, ಒಂದು ಕನೆಹಲಗೆ ಓಟದಲ್ಲಿ. ಕಂಬಳ ನೋಡದವರಿಗಾಗಿ ಹೇಳುತ್ತೇನೆ: ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ಓಟದಲ್ಲಿ ವಿಭಾಗಗಳಿವೆ. ಮಿಕ್ಕವುಗಳಲ್ಲಿ ವೇಗವೇ ಮುಖ್ಯ, ಕನೆಹಲಗೆಯಲ್ಲಿ ನೀರು ಎಷ್ಟು ಎತ್ತರ ಚಿಮ್ಮಿತು ಎನ್ನುವುದು ಮುಖ್ಯ. ಕೋಣಗಳ ಹಿಂದೆ ಒಂದು ಸಣ್ಣ ಮರದ ಹಲಗೆ, ಅದರಲ್ಲಿ ಎರಡು ತೂತು. ಓಟಗಾರ ಅದರ ಮೇಲೆ ಒಂದು ಕಾಲೂರಿ ನಿಲ್ಲುತ್ತಾನೆ. ಹಲಗೆ ನೀರನ್ನು ಒತ್ತಿದಂತೆ ಆ ತೂತುಗಳಿಂದ ನೀರು ಎರಡು ಕಂಬವಾಗಿ ಏಳುತ್ತದೆ. ಕರೆಯ ಮೇಲೆ ಅಡ್ಡಲಾಗಿ ಬಿಳಿ ಬಟ್ಟೆ ಕಟ್ಟಿರುತ್ತಾರೆ, ಅದಕ್ಕೆ ನಿಶಾನೆ ಎಂದು ಹೆಸರು. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಎತ್ತರ. ನೀರು ಬಟ್ಟೆಗೆ ತಾಗಿ ಒದ್ದೆಯಾದರೆ ಗೆಲುವು. ಆ ಸಲ ನಾನು ಕೋಣಗಳು ಕಣ್ಣಿಗೆ ಬಿದ್ದದ್ದೇ ತಡ, ಒತ್ತಿ ಹಿಡಿದಿದ್ದೆ. ನೀರಿನ ಕಂಬ ನಿಶಾನೆಯ ಕಡೆ ಏಳುವ ಹೊತ್ತಿಗೆ ಬಫರ್ ತುಂಬಿತು. ಒಂದು ಚಿತ್ರದಲ್ಲಿ ನೀರು ಬಟ್ಟೆಗಿಂತ ಒಂದು ಮೊಳ ಕೆಳಗಿದೆ. ಮುಂದಿನ ಚಿತ್ರದಲ್ಲಿ ಬಟ್ಟೆ ಒದ್ದೆಯಾಗಿ ತೊಟ್ಟಿಕ್ಕುತ್ತಿದೆ. ಓಟಗಾರನ ಇಡೀ ವರ್ಷದ ಶ್ರಮ ಆ ಎರಡು ಚಿತ್ರಗಳ ನಡುವೆ ನಡೆದುಹೋಯಿತು. ಜನ ಕೂಗುತ್ತಿದ್ದರು. ನನ್ನ ಕ್ಯಾಮೆರಾದ ಕೆಂಪು ದೀಪ ಮಾತ್ರ ಕಾರ್ಡಿಗೆ ಚಿತ್ರ ಇಳಿಸುತ್ತಾ ಮಿನುಗುತ್ತಿತ್ತು.

ಅಂದಿನಿಂದ ನಾನು ಒಮ್ಮೆ ಒತ್ತುವುದು ಐದಾರು ಚಿತ್ರಕ್ಕೆ ಮಾತ್ರ. ಓಟಗಾರ ಹಲಗೆಯ ಮೇಲೆ ಭಾರ ಹಾಕುವ ಮುಂಚೆ ಅವನ ಹೆಗಲು ಕೊಂಚ ಹಿಂದಕ್ಕೆ ವಾಲುತ್ತದೆ. ಮೂರು ವರ್ಷ ನೋಡಿದ ಮೇಲೆ ಕಣ್ಣಿಗೆ ಬಿದ್ದ ಸಂಗತಿ ಇದು. ಹೆಗಲು ವಾಲಿದಾಗ ಬೆರಳು ಒತ್ತಬೇಕು, ನೀರು ಎದ್ದಾಗ ಅಲ್ಲ. ನೀರು ಕಂಡು ಒತ್ತುವಷ್ಟರಲ್ಲಿ ಅದು ಬಿದ್ದಾಗಿರುತ್ತದೆ.

ಈ ಹುಚ್ಚಿನ ಮೂಲ ಪುರುಷ ಎಡ್ವರ್ಡ್ ಮೈಬ್ರಿಜ್. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ಲೀಲಂಡ್ ಸ್ಟ್ಯಾನ್‌ಫರ್ಡ್ ಎಂಬ ಧನಿಕನ ಕುದುರೆಗಾಗಿ ಆತ ಓಟದ ದಾರಿಯುದ್ದಕ್ಕೂ ಹನ್ನೆರಡು ಕ್ಯಾಮೆರಾ ಸಾಲಾಗಿಟ್ಟ. ದಾರಿಗೆ ಅಡ್ಡ ಕಟ್ಟಿದ ಎಳೆಗಳನ್ನು ಕುದುರೆ ಹರಿದುಕೊಂಡು ಹೋದಂತೆ ಒಂದೊಂದೇ ಶಟರ್ ಬಿಚ್ಚಿಕೊಂಡಿತು. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬುದು ಪ್ರಶ್ನೆ. ಬಿಡುತ್ತವೆ. ಆದರೆ ಚಿತ್ರಕಾರರು ಬರೆಯುತ್ತಿದ್ದ ಹಾಗೆ ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿಕೊಂಡಾಗ ಅಲ್ಲ, ನಾಲ್ಕೂ ಹೊಟ್ಟೆಯಡಿ ಮುದುಡಿಕೊಂಡಾಗ. ಅಷ್ಟು ಕಾಲ ಕುದುರೆಯ ಜೊತೆ ಬಾಳಿದ ಮನುಷ್ಯನ ಕಣ್ಣಿಗೆ ಇದು ಕಂಡಿರಲಿಲ್ಲ. ನನಗೆ ರೋಮಾಂಚನವಾಗುವುದು ಇನ್ನೊಂದು ವಿವರಕ್ಕೆ. ಅವನ ಚಿತ್ರಗಳ ನಡುವಿನ ಅಂತರ 27 ಇಂಚು, ಸೆಕೆಂಡಿನ ಇಪ್ಪತ್ತೈದನೇ ಒಂದು ಪಾಲು. ಗಾಜಿನ ಹಲಗೆಗೆ ಒದ್ದೆ ರಾಸಾಯನಿಕ ಬಳಿದು ಚಿತ್ರ ತೆಗೆಯುತ್ತಿದ್ದ ಆ ಮನುಷ್ಯ ನನ್ನ ಕ್ಯಾಮೆರಾಕ್ಕಿಂತ ಎರಡೂವರೆ ಪಟ್ಟು ವೇಗವಾಗಿದ್ದ.

ವೇಗದ ವಿಷಯಕ್ಕೆ ಬಂದರೆ, 2023ರಲ್ಲಿ ಪ್ರಕಟವಾದ ಸೋನಿಯ ಎ9 III ಸೆಕೆಂಡಿಗೆ 120 ಚಿತ್ರ ತೆಗೆಯುತ್ತದೆ. ಗುಂಡಿ ಪೂರ್ತಿ ಒತ್ತುವ ಮುಂಚಿನ ಒಂದು ಸೆಕೆಂಡಿನ ಚಿತ್ರಗಳನ್ನೂ ಅದು ಉಳಿಸಿಕೊಡಬಲ್ಲದು. ತಡವಾಗಿ ಒತ್ತಿದವನಿಗೂ ಕಳೆದ ಗಳಿಗೆ ವಾಪಸು ಸಿಗುತ್ತದೆ. ಪತ್ರಿಕೆಗೆ ದುಡಿಯುವವರಿಗೆ ಅದು ವರ, ಅನುಮಾನವಿಲ್ಲ. ಆದರೆ ಓಟಗಾರನ ಹೆಗಲನ್ನು ಮೂರು ವರ್ಷ ನೋಡುವ ಕೆಲಸ ನನ್ನ ಕೈತಪ್ಪುತ್ತದೆ. ಅದು ನನಗೆ ಬೇಡ.

ರಾತ್ರಿಯ ಕರೆಗೆ ಬೇರೆಯದೇ ತಂಟೆಗಳಿವೆ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್, ಹಾಗಾಗಿ ಹಲವು ಹೊನಲು ದೀಪಗಳು ಸೆಕೆಂಡಿಗೆ ನೂರು ಸಲ ಮಂಕಾಗಿ ಬೆಳಗುತ್ತವೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಸಾವಿರದಲ್ಲೊಂದು ಪಾಲು ತೆರೆಯುವ ಶಟರಿಗೆ ಗೊತ್ತಾಗುತ್ತದೆ. ಒಂದೇ ಓಟದ ಹತ್ತು ಚಿತ್ರಗಳಲ್ಲಿ ನಾಲ್ಕು ಬೆಳ್ಳಗೆ, ಮೂರು ಮಬ್ಬು, ಮೂರು ಅರಿಸಿನ ಬಣ್ಣ. ದೀಪದ ಬಡಿತ ನೋಡಿ ಶಟರನ್ನು ಅದಕ್ಕೆ ಹೊಂದಿಸಿಕೊಳ್ಳುವ ಆಯ್ಕೆ ಈಚಿನ ಹಲವು ಕ್ಯಾಮೆರಾಗಳಲ್ಲಿದೆ, ಅದನ್ನು ಹಾಕಿಕೊಳ್ಳುವುದು ಮರೆಯಬಾರದು. ಕತ್ತಲು ಎಂದು ಫ್ಲ್ಯಾಷ್ ಮಾತ್ರ ಬೇಡವೇ ಬೇಡ. ಪೂರ್ತಿ ಓಟದಲ್ಲಿರುವ ಕೋಣದ ಕಣ್ಣಿಗೆ ಬೆಳಕು ಹೊಡೆಯುವುದು ಅದಕ್ಕೂ, ಹಗ್ಗ ಹಿಡಿದವನಿಗೂ ಅಪಾಯ.

ಮನೆಗೆ ಬಂದರೆ ಎರಡನೇ ಕಂಬಳ ಶುರು. ಒಂದು ರಾತ್ರಿಗೆ ಸಾವಿರದ ಮೇಲೆ ಚಿತ್ರ. ಎಲ್ಲವೂ ಹೆಚ್ಚುಕಡಿಮೆ ಒಂದೇ ಅನ್ನಿಸುತ್ತವೆ, ಯಾವ ಎರಡೂ ಒಂದೇ ಅಲ್ಲ. ದೊಡ್ಡದು ಮಾಡಿ ನೋಡಿದಾಗ ಕಾಣುವುದೇ ಬೇರೆ ಲೋಕ. ಕೆಸರಿನ ಹನಿ ಹನಿಯಾಗಿ ಬೀಳುವುದಿಲ್ಲ. ಮೊದಲು ಹಾಳೆಯಾಗಿ ಏಳುತ್ತದೆ, ಹಾಳೆ ಅಂಚಿನಿಂದ ಹರಿದು ದಾರವಾಗುತ್ತದೆ, ದಾರ ತುಂಡಾಗಿ ಮಣಿಯಾಗುತ್ತದೆ. ಒಂದು ಚಿತ್ರದಲ್ಲಿ ಓಟಗಾರ ಪೂರ್ತಿ ಗಾಳಿಯಲ್ಲಿದ್ದ. ಎರಡೂ ಪಾದ ನೀರಿನಿಂದ ಗೇಣು ಮೇಲೆ, ಕಣ್ಣು ಮುಚ್ಚಿತ್ತು, ರೆಪ್ಪೆಯ ಮೇಲೆ ಒಂದು ಹನಿ ಕೆಸರು.

ಹೋದ ಹಂಗಾಮಿನಲ್ಲಿ ತೆಗೆದ ಒಂದು ಓಟದ ಹದಿನೆಂಟು ಚಿತ್ರಗಳನ್ನು ಕೋಣಗಳ ಯಜಮಾನರಿಗೆ ತೋರಿಸಲು ಹೋಗಿದ್ದೆ. ಎಪ್ಪತ್ತು ದಾಟಿದವರು, ಪ್ರಾಯದಲ್ಲಿ ತಾವೇ ಓಡಿಸಿದವರು. ಹಟ್ಟಿಯ ಪಕ್ಕದ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಆರಿಸಿದ್ದು ಹದಿನಾಲ್ಕನೆಯದು. ಅದರಲ್ಲಿ ನೀರು ರೆಕ್ಕೆಯಂತೆ ಎರಡೂ ಬದಿಗೆ ಬಿಚ್ಚಿಕೊಂಡಿತ್ತು, ಹಿಂದಿನ ದೀಪ ಒಂದೊಂದು ಹನಿಯಲ್ಲೂ ಹೊಳೆಯುತ್ತಿತ್ತು.

ಅವರು ಅದನ್ನು ನೋಡಿ, “ಚಂದ ಉಂಟು. ಸ್ವಲ್ಪ ಹಿಂದೆ ಹೋಗಿ ಮಾರಾಯ್ರೆ” ಎಂದರು. ಹದಿಮೂರು, ಹನ್ನೆರಡು, ಹನ್ನೊಂದು. “ನಿಲ್ಲಿಸಿ.” ನೀರು ಅಷ್ಟೇನೂ ಎದ್ದಿರದ ಚಿತ್ರ ಅದು. ನಾನು ಅಳಿಸಲು ಗುರುತು ಹಾಕಿದ್ದೆ.

“ಇಲ್ಲಿ ನೋಡಿ,” ಎಂದು ಪರದೆಗೆ ತಾಗದಂತೆ ಬೆರಳು ತೋರಿಸಿದರು. “ಎರಡರದ್ದೂ ಮುಂಗಾಲು ಒಟ್ಟಿಗೆ ಎದ್ದಿದೆ. ಎಡದ್ದು ಪ್ರತಿಸಲ ಅರ್ಧ ಹೆಜ್ಜೆ ಹಿಂದೆ ಬೀಳುದು. ಈ ವರ್ಷ ಸರಿಯಾಗಿದೆ ಅಂತ ಹುಡುಗ ಹೇಳಿದ್ದ, ನಾನು ನಂಬಿರಲಿಲ್ಲ.” ಹತ್ತು ಮತ್ತು ಹನ್ನೆರಡನ್ನೂ ತೆಗೆಸಿ ನೋಡಿದರು. ಆ ಎರಡರಲ್ಲೂ ಗೊರಸುಗಳು ನೀರಿನೊಳಗಿದ್ದವು, ಏನೂ ತಿಳಿಯುವಂತಿರಲಿಲ್ಲ.

ಅವರ ಜಗಲಿಯ ಗೋಡೆಯಲ್ಲಿ, ಪದಕ ತೂಗುಹಾಕಿದ ಮೊಳೆಯ ಕೆಳಗೆ, ಈಗ ಇರುವುದು ಹನ್ನೊಂದನೆಯ ಚಿತ್ರ.