ತೂಕ ಇಳಿಯಿತು, ಕಬ್ಬಿಣವೂ ಇಳಿಯಿತು

ತೂಕ ಇಳಿಸಬೇಕು ಎಂದು ಹಟ ಹಿಡಿದಾಗ ನಾನು ಮೊದಲು ಬಿಟ್ಟದ್ದು ಮುದ್ದೆ. ಅದರ ಹಿಂದೆಯೇ ದಂಟಿನ ಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಸಾರು, ಭಾನುವಾರದ ಮಟನ್ ಎಲ್ಲವೂ ಹೋದವು. ಮುದ್ದೆಯೇ ಇಲ್ಲವೆಂದ ಮೇಲೆ ಸಾರು ಯಾತಕ್ಕೆ? ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಸೌತೆಕಾಯಿ, ಮೊಸರು, ರಾತ್ರಿ ಸೂಪು. ತಿಂದ ಕೂಡಲೇ ಗ್ರೀನ್ ಟೀ. ದಿನಕ್ಕೆ 1,200 ಕ್ಯಾಲೊರಿ ದಾಟಬಾರದು ಎಂಬುದೊಂದೇ ಲೆಕ್ಕ.

ತೂಕವೇನೋ ಇಳಿಯಿತು. ಮೆಟ್ಟಿಲು ಹತ್ತಿದರೆ ಏದುಸಿರು, ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಡಯಟ್ ಮಾಡುವವರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡೆ. ಸುಸ್ತಾದಷ್ಟೂ ಡಯಟ್ ಸರಿಯಾಗಿ ನಡೆಯುತ್ತಿದೆ ಎಂದು ನಂಬಿದ್ದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12.1 ಬಂದಿತ್ತು. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ತಾನೇ ರಕ್ತಹೀನತೆ? ನಿಶ್ಚಿಂತಳಾದೆ.

ಆ ದಿನಗಳಲ್ಲೇ ಹಸಿ ಅಕ್ಕಿಯ ಚಪಲ ಹತ್ತಿಕೊಂಡಿತು. ಅನ್ನಕ್ಕೆ ಇಡುವಾಗ ಡಬ್ಬದಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುವೆ. ಸ್ವಲ್ಪ ಹೊತ್ತಿಗೆ ಮತ್ತೆ ಡಬ್ಬದ ಹತ್ತಿರ ಬರುವೆ, ಈ ಸಲ ಒಂದು ಹಿಡಿ. ಕಟುಂ ಕಟುಂ ಎಂದು ಅಗಿಯುವುದರಲ್ಲಿ ಎಂಥದೋ ಸಮಾಧಾನ. ಅಮ್ಮ ನೋಡಿ ಗದರಿದರು: "ಹಸಿ ಅಕ್ಕಿ ತಿಂದ್ರೆ ರಕ್ತ ನೀರಾಗುತ್ತೆ ಕಣೇ!"

ಈ ಚಪಲದ ವಿಷಯ ಹೇಳಿದಾಗ ಡಾಕ್ಟರಮ್ಮ ಅಮ್ಮನ ಮಾತನ್ನೇ ತಿರುಗಿಸಿ ಹೇಳಿದರು: "ಅಕ್ಕಿ ತಿಂದದ್ದಕ್ಕೆ ರಕ್ತ ಕಡಿಮೆಯಾಗಿಲ್ಲಮ್ಮ. ಕಬ್ಬಿಣ ಕಡಿಮೆಯಾಗಿರೋದಕ್ಕೇ ಅಕ್ಕಿ ಬೇಕು ಅನ್ನಿಸ್ತಿರಬಹುದು." ಫೆರಿಟಿನ್ ಪರೀಕ್ಷೆಗೆ ಬರೆದುಕೊಟ್ಟರು. ಬಂದದ್ದು 7. ದೇಹ ಕೂಡಿಟ್ಟುಕೊಂಡ ಕಬ್ಬಿಣ ಎಷ್ಟಿದೆ ಎಂದು ತೋರಿಸುವುದು ಫೆರಿಟಿನ್. 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಖಾಲಿ ಎಂದೇ ಅರ್ಥ. ಮೊದಲು ಬರಿದಾಗುವುದು ಇದು, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ನನ್ನ ನಿಶ್ಚಿಂತೆಗೆ ಆಧಾರವೇ ಇರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮ ದೇಶದ ಶಿಫಾರಸಿನಂತೆ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19. ಊಟ ಅರ್ಧವಾದರೆ ಕಬ್ಬಿಣವೂ ಅರ್ಧವಾಗುತ್ತದೆ, ಆದರೆ ತಿಂಗಳ ಮುಟ್ಟಿನಲ್ಲಿ ಹೋಗುವ ರಕ್ತ ನನ್ನ ಡಯಟ್ ಕೇಳುತ್ತದೆಯೇ? ಮುದ್ದೆ ಬಿಟ್ಟದ್ದಕ್ಕಿಂತ ಅದರ ಜೊತೆಗಿದ್ದ ಸೊಪ್ಪು, ಕಾಳು, ಮಾಂಸ ಬಿಟ್ಟದ್ದೇ ನನಗೆ ಹೆಚ್ಚು ಪೆಟ್ಟು ಕೊಟ್ಟಿತು ಎಂದು ನನ್ನ ಅನಿಸಿಕೆ. ಉಳಿದ ಚೂರುಪಾರು ಕಬ್ಬಿಣವನ್ನೂ ಊಟದ ಬೆನ್ನಿಗೇ ಕುಡಿದ ಟೀ ಮೈಗೆ ಹತ್ತಗೊಡಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇಂಥ ಕಡೆ ಡಯಟ್ ಚಾರ್ಟ್ ಬರೆದುಕೊಡುವವರು ಮೊದಲು ಕಬ್ಬಿಣದ ವಿಚಾರ ಕೇಳಬೇಡವೇ?

ಕಬ್ಬಿಣದ ಮಾತ್ರೆ ಶುರುವಾಯಿತು. ಮಲ ಕಪ್ಪಗಾಯಿತು, ಮಲಬದ್ಧತೆ ಕಾಡಿತು. ಬಿಟ್ಟುಬಿಡೋಣ ಎನಿಸಿದ್ದೂ ಉಂಟು. ಹಿಮೋಗ್ಲೋಬಿನ್ ಸರಿಯಿದ್ದರೂ ದಾಸ್ತಾನು ತುಂಬಲು ಕೆಲವು ತಿಂಗಳು ಮುಂದುವರಿಸಲೇಬೇಕು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಬಸ್ಸಾರು ಮರಳಿ ಬಂತು, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳುತ್ತೇನೆ. ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತಲು ನಿಂಬೆಯ ಸಿ ವಿಟಮಿನ್ ನೆರವಾಗುತ್ತದೆ. ಟೀ ಕುಡಿಯುವುದು ಊಟವಾಗಿ ಒಂದೆರಡು ಗಂಟೆ ಕಳೆದ ಮೇಲೆ. ತೂಕ ಈಗಲೂ ಇಳಿಸುತ್ತಿದ್ದೇನೆ, ನಿಧಾನವಾಗಿ. ಕಳೆದ ಸಲದ ಪರೀಕ್ಷೆಯಲ್ಲಿ ಫೆರಿಟಿನ್ 34 ಇತ್ತು.